ಬೇಡ ಅಂದವರ ಹೆಸರು

"ಕೈಯನ್ನ ಇನ್ನೂ ಸ್ವಲ್ಪ ಮೇಲೆ ಎತ್ತಿ ಹಿಡಿಯೋಕೆ ಹೇಳಿ ಅವರಿಗೆ," ಎಂದು ದರ್ಜಿ ಗೋಡೆಯ ಕಡೆ ನೋಡುತ್ತಾ ಹೇಳಿದ.

ಕೋಣೆಯಲ್ಲಿ ಇದ್ದವರು ಮೂವರು. ಅವರಲ್ಲಿ ಒಬ್ಬರು ಬೆಳಗಿನ ಜಾವ ತೀರಿಕೊಂಡಿದ್ದರು. ಮಾತು ದಾಟಿಸುವುದಕ್ಕೆ ನಾಲ್ಕನೆಯವರು ಯಾರೂ ಇರಲಿಲ್ಲ. ಆದರೂ ಮಂಚದ ಆಚೆ ಬದಿಗಿದ್ದ ನರ್ಸಮ್ಮ ಡ್ರಾಯಿಂಗ್ ಮೇಷ್ಟ್ರ ಬಲಗೈಯನ್ನು ಎಷ್ಟು ಬೇಕೋ ಅಷ್ಟು ಎತ್ತಿ ಹಿಡಿದಳು. ದರ್ಜಿ ಕೋಟಿನ ತೋಳನ್ನು ಬೆರಳುಗಳ ಮೇಲಿಂದ ಮೆಲ್ಲಗೆ ಎಳೆದು ಹೆಗಲಿಗೆ ತಂದ.

ಮೇಷ್ಟ್ರು ಸ್ಕೂಲಿನಿಂದ ನಿವೃತ್ತರಾದಾಗ ದರ್ಜಿಯೇ ಹೊಲಿದುಕೊಟ್ಟ ಕೋಟು ಅದು. ಮೈ ಬಿಗಿದುಕೊಂಡವರಿಗೆ ಕೋಟನ್ನು ಹಾಗೇ ತೊಡಿಸಲು ಬರುವುದಿಲ್ಲ, ಬೆನ್ನಿನ ಹೊಲಿಗೆ ಬಿಚ್ಚಿ ಎರಡು ಹೋಳು ಮಾಡಿಕೊಂಡು ಆ ಕಡೆ ಈ ಕಡೆಯಿಂದ ತೂರಿಸಬೇಕು. ತಾನೇ ಹಾಕಿದ ಹೊಲಿಗೆಯನ್ನು ತಾನೇ ಬಿಚ್ಚುವಾಗ ಕತ್ತರಿ ಜಾರಿ ಅವನ ಹೆಬ್ಬೆರಳಿಗೆ ತಾಗಿತ್ತು. ನರ್ಸಮ್ಮ ಒಂದು ಚೂರು ಹತ್ತಿಯನ್ನು ಮಂಚದ ಅಂಚಿನಲ್ಲಿ ಇಟ್ಟಳು. ದರ್ಜಿ ಅದನ್ನು ಮುಟ್ಟಲಿಲ್ಲ. ಬೆರಳನ್ನು ಬಾಯಲ್ಲಿಟ್ಟುಕೊಂಡು ಚೀಪಿದ.

ದರ್ಜಿ, ನರ್ಸಮ್ಮ ಇಬ್ಬರದೂ ಅಕ್ಕಪಕ್ಕದ ಮನೆ, ನಡುವೆ ಸೊಂಟದೆತ್ತರದ ಗೋಡೆ. ದರ್ಜಿಯ ಮೊಮ್ಮಗಳು ಕೈಗೂಸಾಗಿದ್ದಾಗ ನಿಂತುಹೋದ ಮಾತು, ಆ ಹುಡುಗಿ ಅಮ್ಮನ ಹೆಗಲಿಗೆ ಬಂದರೂ ಮತ್ತೆ ಶುರುವಾಗಿರಲಿಲ್ಲ. ಬೀದಿಯವರು ಇದಕ್ಕೆ ಹೊಂದಿಕೊಂಡುಬಿಟ್ಟಿದ್ದರು. ಸಭೆ ಸೇರಿದರೆ ಇವನಿಗೊಂದು ಮೂಲೆ, ಅವಳಿಗೊಂದು ಮೂಲೆ. ಮೇಷ್ಟ್ರು ಹಾಸಿಗೆ ಹಿಡಿದ ಮೇಲೆ ಹಗಲು ದರ್ಜಿ ನೋಡಿಕೊಂಡ, ರಾತ್ರಿ ನರ್ಸಮ್ಮ ನೋಡಿಕೊಂಡಳು. ಪಾಳಿ ಬದಲಾಗುವಾಗ ಆಕೆ, "ಮೇಷ್ಟ್ರೇ, ಈ ಮಾತ್ರೆ ಊಟ ಆದ ಮೇಲೆ ಅಂತ ನಿಮ್ಮ ಗೆಳೆಯರಿಗೆ ಹೇಳಿಬಿಡಿ," ಅನ್ನುತ್ತಿದ್ದಳು. ದರ್ಜಿ, "ನನಗೆ ಕಿವಿ ಕೇಳುತ್ತೆ ಅಂತ ಅವರಿಗೆ ಹೇಳಿ ಮೇಷ್ಟ್ರೇ," ಅನ್ನುತ್ತಿದ್ದ. ಮೇಷ್ಟ್ರು ಇಬ್ಬರ ನಡುವೆ ಮಲಗಿಕೊಂಡು ಒಂದು ಥರಾ ನಗುತ್ತಿದ್ದರು. ಏನೂ ಹೇಳುತ್ತಿರಲಿಲ್ಲ.

ಅವರಿಗೆ ಮಕ್ಕಳಿರಲಿಲ್ಲ, ಹೆಂಡತಿ ಮೊದಲೇ ಹೋಗಿದ್ದರು. ಹಾಗಾಗಿ ಹೊರಗೆ ಕುರ್ಚಿ ಹಾಕಿಸುವುದರಿಂದ ಹಿಡಿದು ಸಂಜೆ ಗುಂಡಿಯ ಪಕ್ಕ ನಿಂತು ಬೀದಿಯ ಪರವಾಗಿ ನಾಲ್ಕು ಮಾತಾಡುವವರೆಗೆ ಎಲ್ಲವೂ ದರ್ಜಿಯ ತಲೆಗೇ ಬಂದಿತ್ತು. ಅವನಿಗೂ ಅದೇ ಬೇಕಿತ್ತು. ತನಗಿಂತ ಹತ್ತಿರದವರು ಮೇಷ್ಟ್ರಿಗೆ ಇನ್ಯಾರಿದ್ದಾರೆ ಎಂದು ಬೆಳಗಿನಿಂದ ನಾಲ್ಕಾರು ಜನರ ಎದುರು ಹೇಳಿಕೊಂಡು ಅತ್ತಿದ್ದ.

* * *

ಆ ಬೀದಿಗೆ ನಾಲ್ಕು ಜನರ ಬಾಯಲ್ಲಿ ಹೆಸರು ಬಂದದ್ದು ಮೇಷ್ಟ್ರಿಂದ.

ಅದಕ್ಕೂ ಮುಂಚೆ ಹಿಂದಿನ ಬೀದಿಯ ಗತಿ ಎಲ್ಲರೂ ಕಣ್ಣಾರೆ ನೋಡಿದ್ದರು. ಒಬ್ಬ ಮಹಡಿ ಎಬ್ಬಿಸಿದ ಎಂದು ಎದುರಿನವನು ಎರಡು ಎಬ್ಬಿಸಿದ, ಅದನ್ನು ನೋಡಿ ಪಕ್ಕದವನ ಹೊಟ್ಟೆ ಉರಿದು ಅವನು ಮೂರು ಎಬ್ಬಿಸಿದ. ಕೊನೆಗೆ ಅಲ್ಲಿ ಹಾಡುಹಗಲೇ ದೀಪ ಹಾಕಬೇಕಾಯಿತು, ಒಗೆದ ಬಟ್ಟೆ ಎರಡು ದಿನವಾದರೂ ಒಣಗುತ್ತಿರಲಿಲ್ಲ. ಆಗ ನಗರದ ಕಚೇರಿಯವರು ಒಂದು ಯೋಜನೆ ತಂದರು. ಪ್ರತಿ ಬಡಾವಣೆಯವರೂ ತಮಗೆ ಬೇಕಾದ ವಿನ್ಯಾಸ ಮಾರ್ಗಸೂಚಿಯನ್ನು ತಾವೇ ಬರೆದುಕೊಳ್ಳಬಹುದು, ಎಲ್ಲರೂ ಒಪ್ಪಿದರೆ ಮುಂದೆ ಅಲ್ಲಿ ಅದರ ಪ್ರಕಾರವೇ ಮನೆ ಕಟ್ಟಲು ಪರವಾನಗಿ. ಅದನ್ನು ವಿವರಿಸಲು ಕಚೇರಿಯಿಂದ ಒಬ್ಬರು ಬಂದರು. ಆಗಿನ್ನೂ ಸಣ್ಣ ವಯಸ್ಸಿನ ಹೆಂಗಸು, ಕಂಕುಳಲ್ಲಿ ನಕ್ಷೆಯ ಸುರುಳಿ. ಬೀದಿಯವರು ಅವರನ್ನು ಪ್ಲಾನಿಂಗ್ ಮೇಡಂ ಎಂದು ಕರೆದರು, ಮಾರ್ಗಸೂಚಿ ಅನ್ನುವುದು ಬಾಯಿಗೆ ಉದ್ದವಾಯಿತೆಂದು ಅದನ್ನು ಸೂತ್ರ ಎಂದು ಕರೆದರು.

ನಕ್ಷೆ ಯಾರಿಗೂ ಅರ್ಥವಾಗಲಿಲ್ಲ. ಮೇಷ್ಟ್ರು ಅದನ್ನು ಸುತ್ತಿಡಿ ಎಂದು ಹೇಳಿ, ಸೀಮೆಸುಣ್ಣ ತಂದು ಬೀದಿಯ ಮೇಲೆಯೇ ಮನೆ ಎಳೆದರು. ಇಲ್ಲಿ ಬಾಗಿಲು, ಇಲ್ಲಿ ಕಿಟಕಿ, ಬನ್ನಿ ಒಳಗೆ, ನಿಂತು ನೋಡಿ ಎಂದರು. ಜನ ಗೆರೆಯೊಳಗೆ ನಿಂತು ಜಗಳವಾಡಿದರು, ನಕ್ಕರು, ಅಳಿಸಿದರು, ಮತ್ತೆ ಎಳೆಸಿದರು. ಹೀಗೆ ಒಂದೊಂದೇ ಸೂತ್ರ ಹುಟ್ಟಿತು. ಮನೆಯ ಮುಂದೆ ಇಬ್ಬರು ಕೂರುವಷ್ಟು ಕಟ್ಟೆ ಇರಬೇಕು. ಬೀದಿಯ ಕಡೆಗೆ ಬೋಳು ಗೋಡೆ ಇರಬಾರದು. ಪಕ್ಕದವರ ಮುಖ ಕಾಣದಷ್ಟು ಎತ್ತರಕ್ಕೆ ನಡುಗೋಡೆ ಏಳಬಾರದು.

ಎಲ್ಲಕ್ಕಿಂತ ಹೆಚ್ಚು ಹೆಸರು ಮಾಡಿದ್ದು ನೆರಳಿನ ಪರೀಕ್ಷೆ. ಯಾರಾದರೂ ಮಹಡಿ ಎಬ್ಬಿಸಬೇಕೆಂದರೆ ಮೊದಲು ಅಷ್ಟೇ ಎತ್ತರಕ್ಕೆ ಬಿದಿರಿನ ಗಳಗಳ ಮೇಲೆ ಬಟ್ಟೆ ಕಟ್ಟಿ, ಬಿಸಿಲಿರುವ ಬೆಳಿಗ್ಗೆ ಬೀದಿಯವರನ್ನೆಲ್ಲ ಕರೆಯಬೇಕು. ಯಾರ್ಯಾರ ಮನೆಯ ಮೇಲೆ ನೆರಳು ಬೀಳುತ್ತದೋ ಅವರೆಲ್ಲ ಹೂಂ ಅನ್ನಬೇಕು. ಒಬ್ಬರು ಬೇಡ ಅಂದರೂ ಮಹಡಿ ಇಲ್ಲ. ಅದಕ್ಕೆ ಬೇಕಾದ ದೊಡ್ಡ ಬಟ್ಟೆಯನ್ನು ಹೊಲಿದವನು ದರ್ಜಿ. ಆಸ್ಪತ್ರೆಯ ಹಳೇ ಹಾಸುಬಟ್ಟೆಗಳನ್ನು ತಂದುಕೊಟ್ಟವಳು ನರ್ಸಮ್ಮ. ಆಗ ಅವರಿಬ್ಬರೂ ನಡುಗೋಡೆಯ ಮೇಲೆ ಕೈಯೂರಿ ಹರಟೆ ಹೊಡೆಯುತ್ತಿದ್ದ ಕಾಲ.

ಆದರೆ ಪಕ್ಕದಲ್ಲೇ ಬದುಕುವವರ ಮುಖಕ್ಕೆ ಬೇಡ ಎಂದು ಹೇಳುವುದು ಹೇಗೆ? ಸಭೆ ಇಲ್ಲಿ ಬಂದು ಸಿಕ್ಕಿಕೊಂಡಿತು. ಆಗ ಎದ್ದು ನಿಂತವನು ದರ್ಜಿ.

"ಬೇಡ ಅಂದವರ ಹೆಸರು ಹೊರಗೆ ಬರಬಾರದು," ಎಂದ. "ಹೂಂ, ಊಹೂಂ ಎರಡನ್ನೂ ಮೇಷ್ಟ್ರ ಕಿವೀಲಿ ಹೇಳೋಣ. ಅವರು ಕಚೇರಿಗೆ ತಿಳಿಸ್ತಾರೆ, ಅಷ್ಟೆ. ಹೆಸರು ಗೊತ್ತಾದ್ರೆ ನಾಳೆ ಒಂದೇ ನಲ್ಲೀಲಿ ನೀರು ಹಿಡಿಯೋದು ಹೇಗೆ?"

ಜನ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಅವನ ಬೆನ್ನು ತಟ್ಟಿ ಅದನ್ನು ಹಾಗೇ ಸೂತ್ರಕ್ಕೆ ಸೇರಿಸಿದರು. ಮುಂದೆ ಬೇರೆ ಬಡಾವಣೆಗಳವರು ನೋಡಲು ಬರತೊಡಗಿದಾಗ ದರ್ಜಿ ಆ ಒಂದು ಸೂತ್ರವನ್ನು ತೋರಿಸಿ, ಇದು ನಂದು ಎಂದು ಎದೆ ಉಬ್ಬಿಸಿ ಹೇಳುತ್ತಿದ್ದ.

* * *

ಮಧ್ಯಾಹ್ನದ ಹೊತ್ತಿಗೆ ಬೀದಿ ತುಂಬಿತು. ಮೇಷ್ಟ್ರ ಹತ್ತಿರ ಚಿತ್ರ ಬರೆಯಲು ಕಲಿತು ಈಗ ತಲೆ ನರೆತವರು ಬಂದರು, ನೆರಳಿನ ಪರೀಕ್ಷೆಯನ್ನು ತಮ್ಮ ಬಡಾವಣೆಗೆ ಒಯ್ದವರು ಬಂದರು. ಒಳಗೆ ಹೋಗಿ ಮುಖ ನೋಡಿ ಬಂದವರೆಲ್ಲ, ಎಷ್ಟು ಶಾಂತವಾಗಿದ್ದಾರೆ ನೋಡಿ ಎಂದರು. ಸೂತ್ರದ ದೆಸೆಯಿಂದ ಪ್ರತಿ ಮನೆಯ ಮುಂದೂ ಕಟ್ಟೆ ಇತ್ತಲ್ಲ, ಎಲ್ಲ ಕಟ್ಟೆಗಳ ಮೇಲೂ ಜನ ಕೂತಿದ್ದರು. ಸಾವಿನ ಮನೆಯ ಟೀ ಬೀದಿಯ ಉದ್ದಕ್ಕೂ ಓಡಾಡಿತು.

ದರ್ಜಿಯ ಮಗಳು ಬಂದಾಗ ಹೊತ್ತಾಗಿತ್ತು. ಊರಿನ ಇನ್ನೊಂದು ತುದಿಯಿಂದ ಎರಡು ಬಸ್ಸು ಹತ್ತಿ ಬರಬೇಕು. ಒಳಗೆ ಹೋಗಿ ನಮಸ್ಕಾರ ಮಾಡಿ ಬೇಗನೆ ಹೊರಗೆ ಬಂದಳು. "ಊಟ ಮಾಡಿದ್ರಾಪ್ಪ?" ಎಂದು ಕೇಳಿದಳು. ಇಲ್ಲ ಎಂದ. "ನಿಮ್ಮ ಕಣ್ಣು ಏನಿದು ಹೀಗೆ ಊದಿದೆ. ಅವತ್ತು ನಾನು ಮನೆ ಬಿಟ್ಟು ಹೊರಟಾಗ್ಲೂ ನೀವು ಇಷ್ಟು ಅತ್ತಿರಲಿಲ್ಲ," ಎಂದಳು. ಚುಚ್ಚಬೇಕೆಂದು ಹೇಳಿದ್ದಲ್ಲ. ಅವಳ ಮಾತೇ ಹಾಗೆ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವುದು. ಮೊಮ್ಮಗಳು ಮಾತ್ರ ತಾತನ ಪಕ್ಕ ಬಂದು ಅವನ ಕೈ ಹಿಡಿದುಕೊಂಡಳು.

* * *

ಮಗಳು ಗಂಡನ ಮನೆ ಬಿಟ್ಟು ಕೈಗೂಸಿನೊಂದಿಗೆ ಬಂದಾಗ ದರ್ಜಿಯ ಮನೆಯಲ್ಲಿ ಇದ್ದದ್ದು ಒಂದು ಕೋಣೆ, ಒಂದು ಅಡುಗೆಮನೆ. ಆ ಕೋಣೆಯಲ್ಲೇ ಹೊಲಿಗೆ ಯಂತ್ರ, ಕತ್ತರಿಸುವ ಮೇಜು, ಗಿರಾಕಿಗಳು. ಮಗು ಅತ್ತರೆ ಗಿರಾಕಿ ಹೊರಗೆ, ಗಿರಾಕಿ ಬಂದರೆ ಮಗಳು ಹೊರಗೆ. ಮೇಲೊಂದು ಕೋಣೆ ಕಟ್ಟಿಬಿಡೋಣ, ನೀನು ಯಾರ ಹಂಗೂ ಇಲ್ಲದೆ ಇರಬಹುದು ಎಂದು ದರ್ಜಿ ಮಾತು ಕೊಟ್ಟ. ಇಟ್ಟಿಗೆ ಹೇಳಿಬಂದ.

ಬಟ್ಟೆ ಕಟ್ಟಿದ ದಿನ ಬೀದಿಗೆ ಬೀದಿಯೇ ಸೇರಿತ್ತು. ಗಳಗಳ ಮೇಲೆ ಬಟ್ಟೆ ಎದ್ದಿತು, ನೆರಳು ಒಂದು ಕಡೆ ನರ್ಸಮ್ಮನ ಅಂಗಳಕ್ಕೆ ಬಿತ್ತು, ಇನ್ನೊಂದು ತುದಿ ಬೀದಿ ದಾಟಿ ಎದುರುಮನೆಯ ಮೇಷ್ಟ್ರ ಕಿಟಕಿಗೆ ಬಿತ್ತು. ಬೇರೆ ಯಾರಿಗೂ ತಾಗಲಿಲ್ಲ. ಮೇಷ್ಟ್ರ ಹೆಂಡತಿ ಆಗಲೇ ನಡೆಯಲಾರದೆ ಆ ಕಿಟಕಿಯ ಬಳಿ ಮಲಗಿರುತ್ತಿದ್ದರು. ದರ್ಜಿಗೆ ಅದೊಂದು ಮುಜುಗರವಿತ್ತು. ಎಲ್ಲರೆದುರೇ ಕೇಳಿದ, "ಅಕ್ಕನಿಗೆ ಬೆಳಗಿನ ಬಿಸಿಲು ತಪ್ಪಿಹೋಗುತ್ತಲ್ಲ ಮೇಷ್ಟ್ರೇ?" ಮೇಷ್ಟ್ರು ನಕ್ಕು, "ಅವಳಿಗೆ ಬೆಳಕು ಬಿದ್ರೆ ಕಣ್ಣು ಚುಚ್ಚುತ್ತೆ ಮಾರಾಯ, ನೀನು ಮೊದಲು ಮೊಮ್ಮಗಳಿಗೆ ಕೋಣೆ ಕಟ್ಟು," ಎಂದರು. ನಾಲ್ಕು ಜನ ಅದನ್ನು ಕೇಳಿಸಿಕೊಂಡು ತಲೆದೂಗಿದರು. ನರ್ಸಮ್ಮ ತನ್ನ ಅಂಗಳದಲ್ಲಿ ನೆರಳನ್ನೇ ಬಹಳ ಹೊತ್ತು ನೋಡುತ್ತಾ ನಿಂತಿದ್ದಳು.

ವಾರದ ಮೇಲೆ ಮೇಷ್ಟ್ರು ದರ್ಜಿಯ ಕಟ್ಟೆಗೆ ಬಂದು ಕೂತು ಅವನ ಕೈ ಹಿಡಿದುಕೊಂಡರು. ಪರವಾನಗಿ ಬರಲಿಲ್ಲ, ಒಬ್ಬರು ಬೇಡ ಅಂದಿದ್ದಾರೆ ಎಂದರು.

"ಅವಳೇ ತಾನೆ?" ಎಂದು ದರ್ಜಿ ಪಕ್ಕದ ಮನೆಯ ಕಡೆ ಕಣ್ಣು ತೋರಿಸಿದ.

"ಹೆಸರು ಹೇಳೋ ಹಾಗಿಲ್ಲ. ನೀನೇ ಬರೆಸಿದ ಸೂತ್ರ," ಎಂದರು ಮೇಷ್ಟ್ರು.

ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ದರ್ಜಿಗೆ ಅಷ್ಟು ಸಾಕಾಯಿತು. ನರ್ಸಮ್ಮ ಹೊಲಿಯಲು ಕೊಟ್ಟಿದ್ದ ಬಟ್ಟೆಗಳನ್ನು ಹಾಗೇ ಮಡಚಿ ನಡುಗೋಡೆಯ ಮೇಲಿಟ್ಟು ಬಂದ. ಹೊಲಿಗೆ ಯಂತ್ರವನ್ನು ಕಿಟಕಿಯಿಂದ ಈಚೆಗೆ ಎಳೆದು ಆ ಮನೆಗೆ ಬೆನ್ನು ಮಾಡಿ ಕೂತ. ಬೆಳಕು ಸಾಲದೆ ಸೂಜಿಗೆ ದಾರ ಪೋಣಿಸಲು ಒದ್ದಾಡಿದ, ಆದರೆ ತಿರುಗಲಿಲ್ಲ. ಮಗಳು, ಸೂತ್ರ ಮುರಿದು ಕಟ್ಟಿ ಅಪ್ಪ, ಯಾರು ಏನು ಮಾಡ್ತಾರೆ ಎಂದಳು. ಮೇಷ್ಟ್ರ ಮಾತಿಗೆ ನಾನೇ ಎದುರು ನಿಂತರೆ ಹೇಗೆ ಎಂದ. "ನಿಮಗೆ ಬೀದಿ ದೊಡ್ಡದು," ಎಂದಷ್ಟೇ ಹೇಳಿ ಅವಳು ಕೂಸನ್ನೆತ್ತಿಕೊಂಡು ಬಾಡಿಗೆ ಮನೆ ಹುಡುಕಿಕೊಂಡು ಹೋದಳು.

ಅಲ್ಲಿಂದಾಚೆ ಪ್ರತಿ ಸಂಜೆ ದರ್ಜಿ ಮೇಷ್ಟ್ರ ಕಟ್ಟೆಯ ಮೇಲೆ ಕೂತು ಪಕ್ಕದಮನೆಯವಳನ್ನು ಬೈದುಕೊಂಡ. ಒಂದು ಕೂಸಿನ ಮೇಲೆ ಕರುಣೆ ಇಲ್ಲದವಳು, ಇವಳು ಆಸ್ಪತ್ರೆಯಲ್ಲಿ ಎಂಥ ಸೇವೆ ಮಾಡಿರಬಹುದು ಎಂದ. ಮೇಷ್ಟ್ರು ಟೀ ಲೋಟವನ್ನು ಅವನ ಕೈಗೆ ಕೊಟ್ಟು, ಹೋಗಲಿ ಬಿಡು, ಮನಸ್ಸಿಗೆ ಹಚ್ಚಿಕೋಬೇಡ ಅನ್ನುತ್ತಿದ್ದರು. ಎಂಥ ದೊಡ್ಡ ಮನುಷ್ಯ, ಒಬ್ಬರ ಬಗ್ಗೆಯೂ ಕೆಟ್ಟದ್ದು ಆಡುವುದಿಲ್ಲವಲ್ಲ ಎಂದು ದರ್ಜಿ ಬೆರಗಾಗುತ್ತಿದ್ದ.

* * *

ಪ್ಲಾನಿಂಗ್ ಮೇಡಂ ಬಂದು ಮೇಷ್ಟ್ರ ಮನೆಯ ಕಟ್ಟೆಯ ಮೇಲೆ ದರ್ಜಿಯ ಪಕ್ಕ ಕೂತರು. ಅವರೂ ನಿವೃತ್ತರಾಗಿದ್ದರು, ಕೈಯಲ್ಲಿ ಊರುಗೋಲು ಬಂದಿತ್ತು. ಟೀ ಕುಡಿಯುತ್ತಾ ಹಳೆಯದನ್ನೆಲ್ಲ ನೆನೆದರು. ಕಡೆಗೆ ಅವನ ಕೈಮೇಲೆ ಕೈಯಿಟ್ಟು ಹೇಳಿದರು.

"ನಿಮ್ಮಂಥ ಮನಸ್ಸು ನಾನೆಲ್ಲೂ ನೋಡಿಲ್ಲ. ಬೇರೆ ಕಡೆ ಸೂತ್ರದ ಬಗ್ಗೆ ಮಾತಾಡೋವಾಗ ಹೆಸರೆತ್ತದೆ ನಿಮ್ಮ ಕತೆ ಹೇಳ್ತೀನಿ. ತನ್ನ ಮಹಡಿಗೆ ಬೇಡ ಅಂದವರ ಜೊತೆ ದಿನಾ ಸಂಜೆ ಕೂತು ಟೀ ಕುಡಿಯೋ ಮನುಷ್ಯ ಅಂತ."

ದರ್ಜಿಗೆ ಇದು ಎಲ್ಲಿಂದ ಬಂತು ಅನ್ನಿಸಿತು. "ಆಕೆ ಜೊತೆ ನಾನೆಲ್ಲಿ ಟೀ ಕುಡಿದೆ? ಮುಖ ನೋಡೋದಿಲ್ಲ ನಾನು."

"ಯಾರ ಜೊತೆ?"

"ನರ್ಸಮ್ಮ."

"ನರ್ಸಮ್ಮ ಹೂಂ ಅಂದಿದ್ರಲ್ಲ," ಎಂದರು ಮೇಡಂ.

ಹೇಳಿಬಿಟ್ಟ ಮೇಲೆ ಅವರಿಗೆ ತಾವು ಏನು ಹೇಳಿದೆವು ಅನ್ನುವುದು ಹೊಳೆಯಿತು. ಲೋಟವನ್ನು ಕೆಳಗಿಟ್ಟರು. ನೆರಳು ಬಿದ್ದದ್ದು ಎರಡೇ ಮನೆಯ ಮೇಲೆ. ದರ್ಜಿ ಎದುರಿನ ತನ್ನ ಮನೆಯ ಗಿಡ್ಡ ಚಾವಣಿಯನ್ನು ನೋಡಿದ. ಆಮೇಲೆ ತಲೆ ತಿರುಗಿಸಿ, ತಾನು ಒರಗಿ ಕೂತಿದ್ದ ಕಿಟಕಿಯನ್ನು ನೋಡಿದ.

"ಅವರು ಹೇಳಲಿಲ್ವಾ ನಿಮಗೆ?" ಮೇಡಂ ದನಿ ಇಳಿದುಹೋಗಿತ್ತು. "ನಾನೇ ಕರೆಸಿ ಹೇಳ್ತೀನಿ ಅಂದಿದ್ದೆ. ಬೇಡ, ಅವನು ನನ್ನ ಗೆಳೆಯ, ನನ್ನ ಬಾಯಿಂದಾನೇ ಹೇಳ್ತೀನಿ ಅಂದ್ರು. ಹೆಂಡತಿಗೆ ಉಳಿದಿರೋ ಸುಖ ಅಂದ್ರೆ ಆ ಬೆಳಗಿನ ಬಿಸಿಲು ಒಂದೇ, ಅದನ್ನ ಕಿತ್ತುಕೊಳ್ಳೋಕಾಗಲ್ಲ ಅಂತ ಅತ್ತಿದ್ರು ನನ್ನ ಮುಂದೆ."

"ನನ್ನ ಮುಂದೆ ಅಳಬಾರದಿತ್ತಾ?" ಎಂದ ದರ್ಜಿ. "ಕೇಳಿದ್ರೆ ನಾನು ಕೊಡ್ತಿರಲಿಲ್ವಾ? ಆ ಬಟ್ಟೇನ ಅವತ್ತೇ ನನ್ನ ಕೈಯಾರೆ ಇಳಿಸ್ತಿರಲಿಲ್ವಾ?"

ಮೇಡಂ ಸುತ್ತ ನೋಡಿ, ಅವನ ಕಿವಿಯ ಹತ್ತಿರ ಬಾಗಿ ಬೇಡಿಕೊಂಡರು. ಈ ಬೀದಿಯಲ್ಲಿ ಪಕ್ಕದವರಿಗೆ ಬೇಡ ಅಂದವರು ಬೇಕಾದಷ್ಟು ಜನ ಇದ್ದಾರೆ, ಹೆಸರು ಹೊರಗೆ ಬರುವುದಿಲ್ಲ ಅನ್ನುವ ಒಂದೇ ನಂಬಿಕೆಯ ಮೇಲೆ ಇವರೆಲ್ಲ ನಗುನಗುತ್ತಾ ಬದುಕುತ್ತಿದ್ದಾರೆ, ಇವತ್ತು ಸಂಜೆ ಎಲ್ಲರೆದುರು ಒಂದು ಹೆಸರು ಹೊರಬಿದ್ದರೆ ನಾಳೆಯಿಂದ ಮನೆಮನೆಯಲ್ಲೂ, ನನಗೆ ಬೇಡ ಅಂದವರು ಯಾರು ಎಂದು ಕೇಳುವುದು ಶುರುವಾಗುತ್ತದೆ ಎಂದರು. ಅವರು ಹೇಳಿದ್ದು ನಿಜವೇ ಆಗಿತ್ತು. ಅದಕ್ಕೇ ದರ್ಜಿಗೆ ಇನ್ನೂ ಸಿಟ್ಟು ಬಂತು.

ಎದ್ದು ಒಳಗೆ ಹೋದ. ಮೇಷ್ಟ್ರು ಕೋಟು ತೊಟ್ಟು ಮಲಗಿದ್ದರು. ಎಲ್ಲರೂ ಹೇಳಿದ ಹಾಗೆ ಮುಖ ಶಾಂತವಾಗಿಯೇ ಇತ್ತು. ಅದನ್ನು ನೋಡಿ ದರ್ಜಿಯ ಮೈ ಉರಿಯಿತು. ಬಿಸಿಲು ಬೇಕಿತ್ತು, ಸರಿ. ಆದರೆ ಆ ಅಕ್ಕ ತೀರಿಕೊಂಡು ಎಷ್ಟು ಕಾಲವಾಯಿತು. ಆಮೇಲೆ ಯಾವ ಬಿಸಿಲಿತ್ತು ಇವರಿಗೆ ಕಾಯುವುದಕ್ಕೆ? ಆಗಲಾದರೂ ಬಾಯಿ ಬಿಟ್ಟು ಹೂಂ ಅಂದಿದ್ದರೆ ಕೋಣೆ ಏಳುತ್ತಿತ್ತು, ಮಗಳು ವಾಪಸ್ ಬರುತ್ತಿದ್ದಳು. ಸಂಜೆ ಸಂಜೆಯೂ ತನ್ನ ಬಾಯಿಂದ ಆ ಹೆಂಗಸನ್ನು ಬೈಸಿ, ಕೇಳಿಸಿಕೊಂಡು, ಟೀ ಕೊಟ್ಟು ಕಳಿಸಿದ ಮನುಷ್ಯ ಇದು. ಕೋಟನ್ನು ಎಳೆದು ಕಿತ್ತುಹಾಕಿಬಿಡಲೇ ಅನ್ನಿಸಿತು. ಬೆನ್ನು ಹೇಗೂ ಬಿಚ್ಚಿಕೊಂಡೇ ಇತ್ತು.

ನರ್ಸಮ್ಮ ಮೂಲೆಯಲ್ಲಿ ಔಷಧಿಯ ಸೀಸೆಗಳನ್ನು ಒಟ್ಟು ಮಾಡುತ್ತಿದ್ದಳು. ದರ್ಜಿ ಅವಳನ್ನು ನೋಡಿದ. ಗೋಡೆಯನ್ನಲ್ಲ.

"ನೀವು ಹೂಂ ಅಂದಿದ್ರಾ?"

ಯಾವುದಕ್ಕೆ ಎಂದು ಅವಳು ಕೇಳಲಿಲ್ಲ. ಕೈಯಲ್ಲಿದ್ದ ಸೀಸೆಯನ್ನು ಮೆಲ್ಲಗೆ ಇಟ್ಟಳು. "ಬಟ್ಟೆ ಇಳಿಸೋ ಮುಂಚೇನೇ ಅಂದಿದ್ದೆ."

"ಮತ್ತೆ ಅಷ್ಟು ಹೊತ್ತು ನೆರಳು ನೋಡ್ತಾ ನಿಂತಿದ್ರಲ್ಲ?"

"ಬೇಸಿಗೇಲಿ ಅಲ್ಲೊಂದು ಮಂಚ ಹಾಕ್ಕೋಬಹುದು ಅಂತ ಯೋಚನೆ ಮಾಡ್ತಿದ್ದೆ."

ದರ್ಜಿ ಮಂಚದ ಕಾಲು ಹಿಡಿದು ಕೂತುಬಿಟ್ಟ. ಒಂದು ಮಾತು ಹೇಳಬಾರದಿತ್ತೇ ಎಂದು ಕೇಳಿದ. ದನಿ ತನಗೇ ಕೇಳಿಸಲಿಲ್ಲ.

"ಹೇಳೋಕೆ ಬಂದೆ. ನೀವು ಬೆನ್ನು ತಿರುಗಿಸಿ ಹೊಲೀತಾ ಕೂತ್ರಿ," ಎಂದಳು ನರ್ಸಮ್ಮ. "ಆಮೇಲೆ ಮೇಷ್ಟ್ರಿಗೆ ಹೇಳ್ದೆ. ಅವರ ತಲೇಲಿ ಏನೋ ತಪ್ಪು ಕೂತಿದೆ, ನಾನಲ್ಲ ಅಂತ ನೀವೇ ಹೇಳಿಬಿಡಿ ಅಂತ. ಅವನು ನನ್ನ ಗೆಳೆಯ, ನನ್ನ ಬಾಯಿಂದಾನೇ ಹೇಳ್ತೀನಿ ಅಂದ್ರು. ಹೇಳಿರಬೇಕು, ಆದ್ರೂ ನೀವು ಹಟ ಬಿಟ್ಟಿಲ್ಲ ಅಂದ್ಕೊಂಡೆ."

ಆಮೇಲೆ ಅವಳಿಗೂ ಅರ್ಥವಾಯಿತು. ಮಂಚದ ಮೇಲಿನ ಮುಖವನ್ನು ಬಹಳ ಹೊತ್ತು ನೋಡಿದಳು. ಎಷ್ಟು ರಾತ್ರಿ ಅದೇ ಮುಖ ಒರೆಸಿದ್ದಳೋ.

"ಮಾತಿಗೇನೂ ತೊಂದರೆ ಇರಲಿಲ್ಲ ಇವರಿಗೆ," ಎಂದಳು. "ಕೊನೇವರೆಗೂ ಚೆನ್ನಾಗೇ ಮಾತಾಡ್ತಿದ್ರು."

ಅವಳು ಸೀಸೆಗಳನ್ನು ಎತ್ತಿಕೊಂಡು ಹೊರಗೆ ಹೋದಳು. ಅವನು ಕ್ಷಮೆ ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಮಂಚ ಎತ್ತುವವರು ಒಳಗೆ ಬಂದಿದ್ದರು.

* * *

ಮೆರವಣಿಗೆಯಲ್ಲಿ ಮಗಳು ಅವನ ಪಕ್ಕ ನಡೆದಳು. ಮಂಚದ ಮುಂದಿನ ಕಾಲಿಗೆ ಹೆಗಲು ಕೊಡಬೇಕಾದವನು ಅವನು. ಸೊಂಟ ಹಿಡಿದುಕೊಂಡಿದೆ ಎಂದು ಹೇಳಿ ಬೇರೆಯವರಿಗೆ ಬಿಟ್ಟಿದ್ದ. ಏನಾಯ್ತಪ್ಪ, ಮುಖ ಹೀಗ್ಯಾಕಿದೆ ಎಂದು ಅವಳು ಕೇಳಿದಳು. "ಆಮೇಲೆ ಹೇಳ್ತೀನಿ," ಎಂದ. ಅಂದ ತಕ್ಷಣ ಅವನಿಗೇ ಹೆದರಿಕೆಯಾಯಿತು. ಹೇಳ್ತೀನಿ ಅಂದವರೇ ಮುಂದೆ ಮಂಚದ ಮೇಲೆ ಹೋಗುತ್ತಿದ್ದರು. ಅಲ್ಲೇ, ನಡೆಯುತ್ತಲೇ, ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿಬಿಟ್ಟ.

ಮಗಳು ಬೈಯುತ್ತಾಳೆ ಅಂದುಕೊಂಡ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಮುಂದೆ ಹೋಗುತ್ತಿದ್ದ ತನ್ನ ಮಗಳ ಬೆನ್ನನ್ನು ನೋಡುತ್ತಾ, "ಈಗ ಇವಳು ಬೆಳೆದುಬಿಟ್ಟಳಲ್ಲಪ್ಪ," ಎಂದಳು.

ಗುಂಡಿ ತೋಡಿಯಾಗಿತ್ತು. ಮೊದಲು ಪ್ಲಾನಿಂಗ್ ಮೇಡಂ ಮಾತಾಡಿದರು. ನಕ್ಷೆ ಸುತ್ತಿಡಿ ಎಂದದ್ದು, ಸೀಮೆಸುಣ್ಣದ ಮನೆ, ಬೆಳಕಿರುವ ಬೀದಿ, ಎಲ್ಲ ಹೇಳಿದರು. ಮಾತು ಮುಗಿಸುವಾಗ ದರ್ಜಿಯ ಕಡೆ ನೋಡಿದರು, ಕಣ್ಣು ತಗ್ಗಿಸಿದರು. ಆಮೇಲೆ ಜನ ಅವನಿಗೆ ದಾರಿ ಬಿಟ್ಟುಕೊಟ್ಟರು.

ದರ್ಜಿ ಗುಂಡಿಯ ಅಂಚಿಗೆ ಬಂದು ನಿಂತ. ಎದುರಿಗೆ ಬೀದಿಯ ಎಲ್ಲ ಮುಖಗಳೂ ಇದ್ದವು. ಇವರಲ್ಲಿ ಯಾರು ಯಾರಿಗೆ ಬೇಡ ಅಂದಿದ್ದಾರೋ. ಅಕ್ಕತಂಗಿಯರ ಹಾಗೆ ಕೈ ಹಿಡಿದು ನಿಂತ ಎದುರುಬದುರು ಮನೆಯವರು, ಬಿಸಿಲಿಗೆ ಒಂದೇ ಕೊಡೆಯಡಿ ನಿಂತ ಅಕ್ಕಪಕ್ಕದವರು. ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಉಗುಳಿದರೆ ಹಗುರ. ಜನರ ಹಿಂದೆ, ಒಂಟಿಯಾಗಿ, ನರ್ಸಮ್ಮ ನಿಂತಿದ್ದಳು. ಅವಳು ತಲೆಯಾಡಿಸಲಿಲ್ಲ, ಬೇಡ ಅನ್ನಲಿಲ್ಲ, ಹೂಂ ಅನ್ನಲಿಲ್ಲ.

"ಬೇಡ ಅಂದವರ ಹೆಸರು ಹೊರಗೆ ಬರಬಾರದು ಅಂತ ಸೂತ್ರ ಮಾಡಿಸಿದವನು ನಾನು," ಎಂದ. ಹೆಸರನ್ನು ನುಂಗಿಕೊಂಡ. "ನಮ್ಮ ಬೀದೀಲಿ ಆ ಸೂತ್ರಾನ ಮೇಷ್ಟ್ರಷ್ಟು ಗಟ್ಟಿಯಾಗಿ ಪಾಲಿಸಿದವರು ಇನ್ನೊಬ್ಬರಿಲ್ಲ. ಕೊನೇ ಉಸಿರಿರೋ ತನಕ ಪಾಲಿಸಿದ್ರು."

ಜನ ತಲೆದೂಗಿದರು. ಎಷ್ಟು ಕಡಿಮೆ ಮಾತಲ್ಲಿ ಎಷ್ಟು ಹೇಳಿದ ನೋಡು ಎಂದು ಯಾರೋ ಪಿಸುಗುಟ್ಟಿದರು. ಇನ್ಯಾರೋ ಕಣ್ಣೊರೆಸಿಕೊಂಡರು. ಮಗಳು ಮುಖ ಆಚೆ ತಿರುಗಿಸಿಕೊಂಡಳು.

ಮೇಷ್ಟ್ರನ್ನು ಕೆಳಗೆ ಇಳಿಸಿದರು. ಹೊತ್ತು ಇಳಿಯುತ್ತಿತ್ತು, ಸೂರ್ಯ ದರ್ಜಿಯ ಬೆನ್ನಿಗಿದ್ದ. ಗುಂಡಿಯೊಳಗೆ ಇಳಿದಿದ್ದವನು ಮೇಷ್ಟ್ರ ಕಾಲು ನೆಟ್ಟಗೆ ಮಾಡಿ, ಕೋಟಿನ ಅಂಚು ಸರಿಪಡಿಸಲು ತಡಕಾಡಿ, ತಲೆಯೆತ್ತಿ, "ಯಜಮಾನ್ರೇ, ಸ್ವಲ್ಪ ಪಕ್ಕಕ್ಕೆ ನಿಲ್ಲಿ, ಬೆಳಕಿಗೆ ಅಡ್ಡ ಆಗ್ತಿದೀರಿ," ಎಂದ.

ದರ್ಜಿ ಕೆಳಗೆ ನೋಡಿದ. ಅವನ ನೆರಳು ಅಂಚಿನಿಂದ ಇಳಿದು ಮೇಷ್ಟ್ರ ಎದೆಯ ಮೇಲೆ ಹಾದು ಮುಖವನ್ನು ಪೂರ್ತಿ ಮುಚ್ಚಿತ್ತು. ಯಾರೋ ಮೆಲ್ಲಗೆ ಅವನ ತೋಳು ಹಿಡಿದು ಎಳೆದರು. ಗುಂಡಿಯವನು ಇನ್ನೊಮ್ಮೆ ಹೇಳಿ ಮೇಲೆ ಹತ್ತಿ ಬಂದ. ದರ್ಜಿ ಕಾಲು ಊರಿಕೊಂಡು ನಿಂತ. ಮಣ್ಣು ಬೀಳತೊಡಗಿತು, ಮೊದಲು ಕಾಲಿನ ಕಡೆ, ಆಮೇಲೆ ಕೋಟಿನ ಮೇಲೆ, ಕೊನೆಗೆ ಮುಖದ ಮೇಲೆ. ಗುಂಡಿ ತುಂಬಿ ನೆಲಕ್ಕೆ ಸಮನಾಗುವ ತನಕ ಅವನು ಅಲ್ಲಿಂದ ಅಲುಗಲಿಲ್ಲ.